ಪೊಟರೆಯ ಹಳೆಯ ವಿಳಾಸ

ಬೆಳಗ್ಗೆ 6.10. ಹೊರಗೆ ಮಳೆ ಹಿಡಿದಿದೆ. ಮೇಜಿನ ಮೇಲೆ ಹಳೆಯ ಡೆಸ್ಕ್‌ಟಾಪ್. ಅದರ ಮದರ್‌ಬೋರ್ಡಿನಲ್ಲಿ ಇಂಟೆಲ್ 82567 ನೆಟ್‌ವರ್ಕ್ ಚಿಪ್. ಕೇಬಲ್ ಚುಚ್ಚಿದ ಜಾಗದಲ್ಲಿ ಎರಡು ದೀಪ. ಒಂದು ಅಲುಗದೆ ಉರಿಯುತ್ತದೆ, ಇನ್ನೊಂದು ಪ್ಯಾಕೆಟ್ ಬಂದಾಗ, ಹೋದಾಗ ಮಿಟುಕುತ್ತದೆ. ಯಂತ್ರ ಸುಮ್ಮನೆ ಕೂತಿದ್ದರೂ ಆ ಮಿಟುಕು ಪೂರ್ತಿ ನಿಲ್ಲುವುದಿಲ್ಲ. ಪಕ್ಕದ ರೌಟರ್ ಆಗಾಗ ‘ಈ ವಿಳಾಸ ಯಾರದು?’ ಎಂದು ಎಲ್ಲರನ್ನೂ ಕೇಳುತ್ತದೆ. ಆ ಕೂಗು ಇಲ್ಲಿಗೂ ಬಂದು ಮುಟ್ಟುತ್ತದೆ.

6.25. ಈಥ್‌ಟೂಲ್ ಎಂಬ ಸಾಧನ ಬಳಸಿ ಚಿಪ್ಪಿನ ಎನ್‌ವಿಎಂ ಓದಿದೆ. ಕರೆಂಟು ಹೋದರೂ ಮರೆಯದ ಪುಟ್ಟ ನೆನಪು ಅದು. ಮೊದಲ 64 ಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಒಂದೊಂದು ಪದವೂ 16 ಬಿಟ್. ಮೊದಲ ಮೂರರಲ್ಲಿ ಕಾರ್ಡಿನ ಮ್ಯಾಕ್ ವಿಳಾಸ ಹುಟ್ಟುಮಚ್ಚೆಯ ಹಾಗೆ ಕೂತಿದೆ. ಕೊನೆಯದು ಲೆಕ್ಕ ತಾಳೆ ನೋಡುವ ಪದ, ಚೆಕ್‌ಸಮ್. ಅಷ್ಟನ್ನೂ ಕೂಡಿ, 16 ಬಿಟ್ ಮೀರಿದ್ದನ್ನು ಬಿಟ್ಟರೆ ಉಳಿಯಬೇಕಾದದ್ದು ಹದಿನಾರರ ಎಣಿಕೆಯಲ್ಲಿ ‘ಬಿಎಬಿಎ’, ದಶಮಾನದಲ್ಲಿ 47,802. ಉಳಿಯದಿದ್ದರೆ ಡ್ರೈವರ್ ಕಾರ್ಡನ್ನು ಎಬ್ಬಿಸುವುದಿಲ್ಲ. ಕೂಡುವುದನ್ನು ಕೈಯಲ್ಲೇ ಮಾಡುತ್ತಿದ್ದೇನೆ. ನಿಧಾನ ಹೌದು, ಆದರೆ ಪ್ರತಿ ಪದದ ಮೇಲೂ ಕಣ್ಣು ಒಂದು ಗಳಿಗೆ ನಿಲ್ಲುತ್ತದೆ.

ಇದೇ ಕುಲದ ಚಿಪ್‌ಗಳು 2008ರ ಸೆಪ್ಟೆಂಬರಿನಲ್ಲಿ ಒಂದೊಂದಾಗಿ ಸಾಯತೊಡಗಿದ್ದವು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.27 ಆವೃತ್ತಿ ಆಗಿನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದನ್ನು ಹಾಕಿಕೊಂಡವರ ಯಂತ್ರ ಒಂದು ದಿನ ಎಂದಿನಂತೆ ಶುರುವಾಗುತ್ತಿತ್ತು, ನೆಟ್‌ವರ್ಕ್ ಮಾತ್ರ ಇರುತ್ತಿರಲಿಲ್ಲ. ಎನ್‌ವಿಎಂ ಚೆಕ್‌ಸಮ್ ಸರಿಯಿಲ್ಲವೆಂದು ಲಾಗ್ ಹೇಳುತ್ತಿತ್ತು. ಇಂಥ ಕೇಡಿಗೆ ರಿಗ್ರೆಷನ್ ಎನ್ನುತ್ತಾರೆ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಡುವುದು ಅದು, ಹಳೆಯದಕ್ಕೆ ಮರಳಿದರೆ ಸಾಮಾನ್ಯವಾಗಿ ನೆಟ್ಟಗಾಗುತ್ತದೆ. ಇಲ್ಲಿ ಹಳೆಯ ಕರ್ನಲ್ ಹಾಕಿದರೂ ಕಾರ್ಡ್ ಏಳಲಿಲ್ಲ. ಗಾಯ ಯಂತ್ರದ ಮೈಗೇ ಇಳಿದಿತ್ತು.

ಇಂಥ ಹುಡುಕಾಟಕ್ಕೆ ಗಿಟ್ ಬೈಸೆಕ್ಟ್ ಎಂಬ ಒಳ್ಳೆಯ ಸಾಧನವಿದೆ. ಸರಿಯಿದ್ದ ಆವೃತ್ತಿಗೂ ಕೆಟ್ಟದ್ದಕ್ಕೂ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೂ ಪ್ರತಿ ಸಲ ಅರ್ಧಕ್ಕೆ ಸೀಳುತ್ತ ಹೋದರೆ 14 ಪ್ರಯೋಗಗಳಲ್ಲಿ ತಪ್ಪು ಸಿಗುತ್ತದೆ. ಆದರೆ ಈ ಸಲ ಒಂದೊಂದು ಪ್ರಯೋಗಕ್ಕೂ ಒಂದು ಕಾರ್ಡ್ ಬಲಿಯಾಗಬಹುದಿತ್ತು. ಮೇಲಾಗಿ ಕೇಡು ಪ್ರತಿ ಸಲವೂ ಕಾಣಿಸಿಕೊಳ್ಳುತ್ತಿರಲಿಲ್ಲ. ಒಂದು ಮುಂಜಾನೆ ಕೂಗು ಕೇಳಲಿಲ್ಲವೆಂದು ಆ ಕಾಡಿನಲ್ಲಿ ಹಕ್ಕಿಯಿಲ್ಲ ಎಂದು ಬರೆದುಕೊಳ್ಳಲಾದೀತೇ?

ಲಾಗ್‌ನಲ್ಲಿ ಹೆಸರಿದ್ದದ್ದು ಈ ಚಿಪ್‌ಗಳನ್ನು ನಡೆಸುವ ಇ1000ಇ ಡ್ರೈವರಿನದು, ಹಾಗಾಗಿ ಮೊದಲ ಅನುಮಾನ ಅದರ ಮೇಲೆ. ಆಮೇಲೆ ಗ್ರಾಫಿಕ್ಸ್ ಡ್ರೈವರ್ ಮೇಲೆ. ಕೆಲವು ಲಿನಕ್ಸ್ ವಿತರಣೆಗಳವರು ತಮ್ಮ ಪರೀಕ್ಷಾ ಆವೃತ್ತಿಯಲ್ಲಿ ಇ1000ಇಯನ್ನೇ ಮುಚ್ಚಿಟ್ಟರು. ಎನ್‌ವಿಎಂಗೆ ಯಾರೂ ಬರೆಯದಂತೆ ಬೀಗ ಹಾಕುವ ತಿದ್ದುಪಡಿಯೊಂದು ಡ್ರೈವರಿಗೆ ಬಂತು. ಕೊಲ್ಲುತ್ತಿರುವುದು ಯಾವುದೆಂದು ಗೊತ್ತಾಗುವ ಮೊದಲೇ ಗೂಡಿಗೆ ಬೇಲಿ ಕಟ್ಟಿದ ಹಾಗೆ. ಈ ಕ್ರಮದ ಬಗ್ಗೆ ನನಗೆ ತುಂಬ ಗೌರವವಿದೆ.

ಕೊನೆಗೆ ಸಿಕ್ಕಿದ್ದು ಡ್ರೈವರಿನಿಂದ ಬಹಳ ದೂರದಲ್ಲಿ, ಎಫ್‌ಟ್ರೇಸ್‌ನಲ್ಲಿ. ಸ್ಟೀವನ್ ರೋಸ್ಟೆಡ್ ಬರೆದ ಈ ಸಾಧನ 2.6.27ರಲ್ಲಿ ಹೊಸದಾಗಿ ಸೇರಿತ್ತು. ಕರ್ನಲ್‌ನಲ್ಲಿ ಯಾವ ಫಂಕ್ಷನ್ ಯಾವಾಗ ಓಡುತ್ತದೆ ಎಂದು ನೋಡಿಕೊಂಡಿರುವುದು ಅದರ ಕೆಲಸ. ಅದೂ ಒಬ್ಬ ವೀಕ್ಷಕ. ಫಂಕ್ಷನ್ನಿನ ಬಾಗಿಲಲ್ಲೇ 5 ಬೈಟ್‌ಗಳ ಒಂದು ಕರೆ ಇರುತ್ತಿತ್ತು. ಮೊದಲ ಸಲ ಅದು ಓಡಿದಾಗ ಎಫ್‌ಟ್ರೇಸ್ ಆ ವಿಳಾಸವನ್ನು ಬರೆದುಕೊಳ್ಳುತ್ತಿತ್ತು. ಸೆಕೆಂಡಿಗೊಮ್ಮೆ ಏಳುವ ಒಂದು ಥ್ರೆಡ್ ಆ ಪಟ್ಟಿ ಹಿಡಿದು ಹೋಗಿ, ಕರೆಯಿದ್ದಲ್ಲಿ ಏನೂ ಮಾಡದ ಆಜ್ಞೆಯನ್ನು ತುಂಬುತ್ತಿತ್ತು, ವೇಗ ತಗ್ಗದಿರಲಿ ಎಂದು.

ಮರಕುಟಿಗ ಈ ವರ್ಷ ಕೊರೆದ ಪೊಟರೆ ಬರುವ ವರ್ಷ ಗಿಳಿಯದು, ಇಲ್ಲವೇ ಮೈನಾದ್ದು. ನೋಟ್‌ಬುಕ್ಕಿನಲ್ಲಿ ಮಾತ್ರ ಅದಿನ್ನೂ ಮರಕುಟಿಗದ ಮನೆ. ಕರ್ನಲ್‌ನಲ್ಲಿ ಈ ವರ್ಷಕ್ಕೂ ಬರುವ ವರ್ಷಕ್ಕೂ ನಡುವೆ ಒಂದು ಸೆಕೆಂಡೂ ಇರದೆ ಹೋಗಬಹುದು. ಮಾಡ್ಯೂಲ್‌ಗಳ ಆರಂಭದ ಕೋಡ್ ಒಮ್ಮೆ ಓಡಿದರೆ ಮುಗಿಯಿತು, ಅದಿದ್ದ ಜಾಗ ಖಾಲಿ. ಅದೇ ವಿಳಾಸಕ್ಕೆ ಇ1000ಇ ಎನ್‌ವಿಎಂ ಇರುವ ಫ್ಲಾಶ್‌ನ ರಿಜಿಸ್ಟರ್‌ಗಳನ್ನು ತಂದಿಟ್ಟುಕೊಂಡಿರುತ್ತಿತ್ತು. ಥ್ರೆಡ್ ಎದ್ದು, ಹಳೆಯ ಪಟ್ಟಿ ನೋಡಿ, ಅಲ್ಲಿಗೇ ಕೈ ಹಾಕುತ್ತಿತ್ತು.

ಅದು ಕುರುಡಾಗಿ ಬರೆಯುತ್ತಿತ್ತು ಎಂದಲ್ಲ. ಇದ್ದದ್ದು ನಿರೀಕ್ಷಿಸಿದ್ದೇ ಹೌದಾದರೆ ಮಾತ್ರ ಬದಲಿಸು ಎನ್ನುವ ಆಜ್ಞೆಯನ್ನೇ ಅದು ಬಳಸುತ್ತಿತ್ತು. ಆದರೆ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಆ ಆಜ್ಞೆ ಹೋಲಿಕೆ ತಪ್ಪಿದಾಗಲೂ ಓದಿದ್ದನ್ನೇ ತಿರುಗಿ ಬರೆಯುತ್ತದೆ. ಸಾದಾ ಮೆಮೊರಿಯಲ್ಲಿ ಇದರಿಂದ ಏನೂ ಆಗದು. ಸಾಧನದ ರಿಜಿಸ್ಟರಿನಲ್ಲಿ ಬರವಣಿಗೆಯೆಂದರೆ ಅಪ್ಪಣೆ. ಇಲ್ಲಿ ಅಪ್ಪಣೆ ಹೋದದ್ದು ಫ್ಲಾಶ್‌ಗೆ. ಕದಡಬಾರದೆಂದು ಇಷ್ಟು ಎಚ್ಚರ ವಹಿಸಿದ ವೀಕ್ಷಕನ ಕೈ ತಾಗಿಯೇ ಮರಿ ಸತ್ತದ್ದು ನನಗೆ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಅಕ್ಟೋಬರ್ 9ರಂದು 2.6.27 ಹೊರಬಂತು. 15ರಂದು ಬಂದ 2.6.27.1 ಎಫ್‌ಟ್ರೇಸ್‌ನ ಈ ಭಾಗವನ್ನು ನಿಷ್ಕ್ರಿಯಗೊಳಿಸಿತು. 2.6.28ರ ಹೊತ್ತಿಗೆ ವಿಳಾಸಗಳ ಪಟ್ಟಿ ಕಂಪೈಲ್ ಆಗುವಾಗಲೇ ಸಿದ್ಧವಾಗತೊಡಗಿತು. ಸೆಕೆಂಡಿಗೊಮ್ಮೆ ಏಳುವ ಥ್ರೆಡ್ ಇಲ್ಲವಾಯಿತು.

7.50. ಮಳೆ ತುಸು ಇಳಿದಿದೆ. 64 ಪದಗಳನ್ನೂ ಕೂಡಿ ಮುಗಿಸಿದೆ. ಮೊದಲ ಸಲ ತಪ್ಪು ಬಂತು, 41ನೆಯ ಪದವನ್ನು ಎರಡು ಸಲ ಸೇರಿಸಿದ್ದೆ. ಎರಡನೆಯ ಸಲ ಬಿಎಬಿಎ. ಈಥ್‌ಟೂಲ್‌ನಲ್ಲಿ ಓದುವ ಆಜ್ಞೆಗೆ ಚಿಕ್ಕಕ್ಷರದ ‘ಇ’, ಬರೆಯುವುದಕ್ಕೆ ದೊಡ್ಡಕ್ಷರದ ‘ಇ’, ನಡುವೆ ಶಿಫ್ಟ್ ಕೀ ಒಂದೇ. ಟರ್ಮಿನಲ್ ಮುಚ್ಚಿ, ಕೈಗಳನ್ನು ಕೀಲಿಮಣೆಯಿಂದ ತೆಗೆದು, ದೀಪ ನೋಡುತ್ತ ಕೂತೆ. ರೌಟರ್ ಮತ್ತೆ ಯಾರನ್ನೋ ಕೇಳುತ್ತಿದೆ.