ಕೊಂಡ ವಸ್ತುವನ್ನು ಮರಳಿಸುವ ಹಕ್ಕು: ಅದರ ಮೇರೆ ಎಲ್ಲಿಯವರೆಗೆ?

ಮದುವೆ, ಲಿಂಗದೀಕ್ಷೆ, ಗುರುಪ್ರವೇಶ ಇವೇ ಮೊದಲಾದ ಮಂಗಲಕಾರ್ಯಗಳು ಕೂಡಿಬಂದಾಗ ನಮ್ಮ ಮನೆಗಳಲ್ಲಿ ಖರೀದಿಯ ಸಂಭ್ರಮ ಆರಂಭವಾಗುತ್ತದೆ. ಜವಳಿ, ಒಡವೆ, ಪಾತ್ರೆಪಗಡಗಳಿಗಾಗಿ ವರ್ಷಗಟ್ಟಲೆ ಕೂಡಿಟ್ಟ ಹಣ ನಾಲ್ಕೈದು ದಿನಗಳಲ್ಲಿ ಕೈಬಿಟ್ಟುಹೋಗುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ಸೊಗಸಾಗಿ ಕಂಡ ಸೀರೆಯ ಬಣ್ಣ ಮನೆಯಂಗಳದ ಬಿಸಿಲಿನಲ್ಲಿ ಹಿಡಿಸುವುದಿಲ್ಲ. ಹತ್ತು ಜನರ ಮಾತು ಕೇಳಿ ಕೊಂಡ ಸಾಮಾನು ಮರುದಿನ ಬೇಡವೆನಿಸುತ್ತದೆ. ಮರಳಿಸಲು ಹೋದರೆ, ರಸೀದಿಯ ಅಡಿಯಲ್ಲಿ ಅಚ್ಚಾಗಿರುವ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲನ್ನು ವರ್ತಕರು ತೋರಿಸುತ್ತಾರೆ. ಕೊಂಡವರು ಇದು ಅನ್ಯಾಯವೆನ್ನುತ್ತಾರೆ. ಮಾರಿದವರು ಇದು ವ್ಯಾಪಾರದ ಕ್ರಮವೆನ್ನುತ್ತಾರೆ.

ನಮ್ಮ ಸಮಾಜದಲ್ಲಿ ಕೊಳ್ಳುವ ಸಂಸಾರಸ್ಥರು ಇರುವಂತೆಯೇ, ತಲೆತಲಾಂತರದಿಂದ ಅಂಗಡಿ ನಡೆಸಿಕೊಂಡು ಬಂದಿರುವ ಮನೆತನಗಳೂ ಇವೆ. ಆದುದರಿಂದ ಈ ವಿಷಯವನ್ನು ಎರಡೂ ಕಡೆಯಿಂದ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮನಸ್ಸು ಬದಲಾದ ಮಾತ್ರಕ್ಕೆ

ಮೊದಲು ಅಪ್ರಿಯವಾದರೂ ಸತ್ಯವಾದ ಮಾತನ್ನು ಹೇಳಿಬಿಡೋಣ. ಯಾವ ದೋಷವೂ ಇಲ್ಲದ ವಸ್ತುವನ್ನು, ಕೇವಲ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಅಂಗಡಿಗೆ ಮರಳಿಸಿ ಹಣ ಪಡೆಯುವ ಸಾಮಾನ್ಯ ಹಕ್ಕನ್ನು ನಮ್ಮ ದೇಶದ ಕಾನೂನು ಕೊಟ್ಟಿಲ್ಲ. 1930ರ ಸರಕು ಮಾರಾಟ ಕಾಯ್ದೆಯಂತೆ ಮಾರಾಟವೂ ಒಂದು ಒಪ್ಪಂದವೇ. ಅದು ಪೂರ್ಣಗೊಂಡು ಒಡೆತನ ಕೊಂಡವರಿಗೆ ಬಂದ ಮೇಲೆ ಒಬ್ಬರ ಇಚ್ಛೆಯಿಂದಲೇ ಮುರಿಯಲು ಬರುವುದಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಬಂಧುಗಳು ಅಲ್ಲಿನ 14 ದಿನಗಳ ಸವಲತ್ತನ್ನು ವರ್ಣಿಸುವುದುಂಟು. ಆದರೆ ಅದು ಜಾಲತಾಣ, ದೂರವಾಣಿ ಮುಂತಾದ ದೂರಖರೀದಿಗೆ ಹಾಗೂ ಅಂಗಡಿಯ ಹೊರಗಿನ ಮಾರಾಟಕ್ಕೆ ಸಲ್ಲುವಂಥದು. ಅಂಗಡಿಗೆ ಹೋಗಿ, ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಕೊಂಡ ವಸ್ತುವಿಗೆ ಅಲ್ಲಿಯೂ ಆ ಹಕ್ಕು ಇಲ್ಲ.

ಹಾಗಾದರೆ ಗ್ರಾಹಕನಿಗೆ ದಾರಿಯೇ ಇಲ್ಲವೆ? ಉಂಟು. ‘ಏಳು ದಿನದೊಳಗೆ ಬದಲಾಯಿಸಿಕೊಡುತ್ತೇವೆ’ ಎಂದು ವರ್ತಕರು ರಸೀದಿಯಲ್ಲಿ ಅಚ್ಚು ಹಾಕಿಸಿದ್ದರೆ, ಅಥವಾ ಕೊಳ್ಳುವಾಗ ಬರೆದುಕೊಟ್ಟಿದ್ದರೆ, ಅದು ಬರಿಯ ಸೌಜನ್ಯವಾಗಿ ಉಳಿಯುವುದಿಲ್ಲ. ಒಪ್ಪಂದದ ಷರತ್ತಾಗಿ ಅವರನ್ನು ಕಟ್ಟುತ್ತದೆ. ಬಾಯಿಮಾತಿನ ಭರವಸೆಯನ್ನು ರಸೀದಿಯ ಮೇಲೆ ಒಂದು ಸಾಲಿನಲ್ಲಿ ಬರೆಯಿಸಿಕೊಳ್ಳುವುದು ಜಾಣತನ.

ಅದೇ 1930ರ ಕಾಯ್ದೆಯ 24ನೆಯ ಕಲಮಿನಲ್ಲಿ ನಮ್ಮ ಹಳೆಯ ರೂಢಿಯೊಂದಕ್ಕೆ ಮಾನ್ಯತೆಯಿದೆ. ಪರಿಚಯದ ಜವಳಿ ಅಂಗಡಿಯಿಂದ ಹತ್ತು ಸೀರೆಗಳನ್ನು ಮನೆಗೆ ತಂದು, ಮೆಚ್ಚಿದ ನಾಲ್ಕನ್ನು ಇಟ್ಟುಕೊಂಡು, ಉಳಿದವನ್ನು ಮರಳಿಸುವ ಪದ್ಧತಿ ಹಲವು ಊರುಗಳಲ್ಲಿದೆ. ಹೀಗೆ ‘ಒಪ್ಪಿಗೆಯಾದರೆ ಕೊಳ್ಳುವ’ ಷರತ್ತಿನ ಮೇಲೆ ತಂದ ಸರಕು, ಒಪ್ಪಿಗೆಯನ್ನು ತಿಳಿಸುವವರೆಗೆ ವರ್ತಕರದೇ ಆಗಿರುತ್ತದೆ. ಆದರೆ ಗೊತ್ತುಪಡಿಸಿದ ದಿನ ಮೀರಿದರೆ, ದಿನ ಗೊತ್ತುಪಡಿಸದಿದ್ದಲ್ಲಿ ಯುಕ್ತವಾದ ಕಾಲ ಮೀರಿದರೆ, ಕೊಂಡಂತೆಯೇ ಆಯಿತು. ಸೀರೆಯನ್ನು ಉಟ್ಟುಬಿಟ್ಟರಂತೂ ಮಾತೇ ಇಲ್ಲ.

ದೋಷವಿದ್ದಲ್ಲಿ ಮಾತು ಬೇರೆ

ಮನಸ್ಸು ಬದಲಾದುದು ಬೇರೆ, ವಸ್ತು ಕೆಟ್ಟುದು ಬೇರೆ. ಈ ಭೇದವನ್ನು ಅರಿಯದೆ ಅನೇಕ ಗ್ರಾಹಕರು ತಮಗಿರುವ ಹಕ್ಕನ್ನೂ ಕೈಬಿಡುತ್ತಾರೆ. 1986ರ ಕಾಯ್ದೆಯ ಸ್ಥಾನದಲ್ಲಿ 2020ರ ಜುಲೈನಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ದೋಷಯುಕ್ತ ವಸ್ತುವನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಸಾರಿದೆ. ರಸೀದಿಯಲ್ಲಿ ಅವಧಿಯನ್ನು ಹೇಳಿದ್ದರೆ ಆ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ಮರಳಿ ಪಡೆಯತಕ್ಕದ್ದು. ‘ವಾಪಸು ಪಡೆಯುವುದಿಲ್ಲ’ ಎಂಬ ಅಚ್ಚಿನ ಸಾಲು ದೋಷಯುಕ್ತ ವಸ್ತುವಿನ ಮಟ್ಟಿಗೆ ವರ್ತಕರನ್ನು ಕಾಪಾಡಲಾರದು. ರಸೀದಿಯನ್ನೇ ಕೊಡದಿರುವುದು ಕೂಡ ಇದೇ ಕಾಯ್ದೆಯಂತೆ ಅನುಚಿತ ಪದ್ಧತಿ.

ಹೇಳಿದ ವರ್ಣನೆಗೆ ವಸ್ತು ಹೊಂದದಿರುವುದೂ ಗ್ರಾಹಕನ ಪರವಾದ ಕಾರಣವೇ. ಕೈಮಗ್ಗದ ಇಳಕಲ್ ಸೀರೆಯೆಂದು ಹೇಳಿ ಯಂತ್ರಮಗ್ಗದ್ದನ್ನು ಕೊಟ್ಟರೆ, ಅಪ್ಪಟ ರೇಷ್ಮೆಯ ಸೆರಗೆಂದು ಹೇಳಿ ಕೃತಕ ನೂಲಿನದನ್ನು ಕೊಟ್ಟರೆ, ಅದನ್ನು ಮರಳಿಸುವವರು ಮನಸ್ಸು ಬದಲಾಯಿಸಿದವರಲ್ಲ, ಮೋಸಹೋದವರು. ಆದುದರಿಂದ ‘ಕೈಮಗ್ಗ’, ‘ಶುದ್ಧ ರೇಷ್ಮೆ’ ಎಂಬ ಮಾತುಗಳು ರಸೀದಿಯಲ್ಲಿಯೇ ನಮೂದಾಗಿರಲಿ.

ಚಿನ್ನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮನಸ್ಸು ಬದಲಾಗಿ ಒಡವೆಯನ್ನು ಮರಳಿಸಿದರೆ ಮಜೂರಿಯನ್ನು ಕಳೆದುಕೊಳ್ಳಬೇಕಾಗುವುದು ವಾಡಿಕೆ. ಆದರೆ ಶುದ್ಧತೆಯಲ್ಲಿ ಕೊರತೆ ಕಂಡರೆ ನಿಯಮ ಗ್ರಾಹಕನ ಪರವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಗಳ ಮೇಲೆ ಆರು ಅಂಕಾಕ್ಷರಗಳ ಗುರುತು ಕಡ್ಡಾಯವಾಗಿದೆ. ಹಾಲ್‌ಮಾರ್ಕ್ ಇರುವ ಒಡವೆಯ ಶುದ್ಧತೆ ಕಡಿಮೆಯೆಂದು ಪರೀಕ್ಷೆಯಲ್ಲಿ ಸಿದ್ಧವಾದರೆ, ಆ ಕೊರತೆಯ ಮೌಲ್ಯದ ಎರಡರಷ್ಟು ಪರಿಹಾರವನ್ನೂ ಪರೀಕ್ಷಾ ವೆಚ್ಚವನ್ನೂ ಪಡೆಯಲು 2018ರ ಭಾರತೀಯ ಮಾನಕ ಬ್ಯೂರೋ ನಿಯಮಗಳಲ್ಲಿ ಅವಕಾಶವಿದೆ.

ಮನೆಬಾಗಿಲಿಗೆ ಬರುವ ಸರಕು

ಈಗ ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುವ ರೂಢಿ ಹಳ್ಳಿಗಳಿಗೂ ಹಬ್ಬಿದೆ. 2020ರ ಇ-ಕಾಮರ್ಸ್ ನಿಯಮಗಳಂತೆ, ಮರಳಿಸುವ, ಬದಲಾಯಿಸುವ, ಹಣ ಹಿಂದಿರುಗಿಸುವ ಷರತ್ತುಗಳನ್ನು ಮಾರಾಟಕ್ಕೆ ಮುನ್ನವೇ ಗ್ರಾಹಕನಿಗೆ ಕಾಣುವಂತೆ ಪ್ರಕಟಿಸಬೇಕು. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅನಿವಾರ್ಯ ಕಾರಣವಿಲ್ಲದೆ ಹೇಳಿದ ದಿನ ಮೀರಿ ತಲುಪಿಸಿದ ಸರಕಿಗೂ ಇದೇ ನಿಯಮ. ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ಮನಸ್ಸು ಬದಲಾದುದಕ್ಕೆ ಇಲ್ಲಿಯೂ ಆಯಾ ಕಂಪನಿ ಪ್ರಕಟಿಸಿದ ಷರತ್ತೇ ಆಧಾರ. ಕೆಲವು ವಸ್ತುಗಳಿಗೆ ಅದು ಅನ್ವಯಿಸುವುದಿಲ್ಲ. ಓದಿ ತಿಳಿದು ತರಿಸುವುದು ಲೇಸು.

ಮನಸ್ಸು ಬದಲಾಯಿಸಲು ನಿಯಮವೇ ಅವಕಾಶ ಕೊಟ್ಟಿರುವ ಒಂದು ಮುಖ್ಯ ಸ್ಥಳವೆಂದರೆ ವಿಮೆ. ಬಂಧುಗಳ, ಪರಿಚಿತರ ದಾಕ್ಷಿಣ್ಯಕ್ಕೆ ಸಿಲುಕಿ ಪಾಲಿಸಿಗೆ ರುಜು ಹಾಕುವವರು ನಮ್ಮಲ್ಲಿ ಬಹಳ. ಅಂಥವರು ತಿಳಿಯಬೇಕಾದುದೇನೆಂದರೆ, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಜೀವವಿಮೆ ಹಾಗೂ ಆರೋಗ್ಯವಿಮೆಯ ಪಾಲಿಸಿಗಳನ್ನು, ದಾಖಲೆ ಕೈಸೇರಿದ ದಿನದಿಂದ 30 ದಿನಗಳೊಳಗೆ ಮರಳಿಸಬಹುದು. ಅಷ್ಟು ದಿನಗಳ ರಕ್ಷಣೆಯ ಪಾಲು, ವೈದ್ಯಕೀಯ ಪರೀಕ್ಷೆ ಹಾಗೂ ಮುದ್ರಾಂಕದ ವೆಚ್ಚವನ್ನು ಕಳೆದು ಉಳಿದ ಹಣ ಹಿಂದಿರುಗುತ್ತದೆ. ಪಾಲಿಸಿಯನ್ನು ಪೆಟ್ಟಿಗೆಯಲ್ಲಿಡುವ ಮೊದಲು ಓದಿಸಿ ಕೇಳುವುದು ಇದಕ್ಕಾಗಿಯೇ.

ದೂರು ಸಲ್ಲಿಸುವ ಬಗೆ

ಮೊದಲು ವರ್ತಕರೊಡನೆ ಸಮಾಧಾನದಿಂದ ಮಾತನಾಡಬೇಕು. ಫಲಿಸದಿದ್ದರೆ ಬರಹದಲ್ಲಿ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ಆಮೇಲೂ ಪರಿಹಾರ ದೊರೆಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಅಲ್ಲಿಗೆ ಸಲ್ಲುತ್ತವೆ. 5 ಲಕ್ಷದವರೆಗಿನವಕ್ಕೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಹಿಂದಿನಂತೆ ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ವಕೀಲರಿಲ್ಲದೆ ತಾವೇ ವಾದಿಸಲೂಬಹುದು.

ಕಾನೂನಿಗಿಂತ ಹಿರಿದಾದುದು

ಹಕ್ಕಿನ ಮಾತು ಹೇಳುವಾಗ ಹೊಣೆಯ ಮಾತನ್ನು ಮರೆಯಲಾಗದು. ಒಂದು ಸಮಾರಂಭದಲ್ಲಿ ಉಟ್ಟು, ಮಡಿಸಿ, ಚೀಟಿ ಸಿಕ್ಕಿಸಿ ಸೀರೆಯನ್ನು ಮರಳಿಸುವವರುಂಟು. ಸಣ್ಣ ಊರಿನ ಅಂಗಡಿಕಾರರ ಬಂಡವಾಳವೇ ಅಂತಹ ಸರಕಿನಲ್ಲಿ ಸಿಕ್ಕಿಬೀಳುತ್ತದೆ. ಇತ್ತ, ಕೊಳ್ಳುವಾಗ ಕೈಮುಗಿದು ಕರೆದು, ಮರಳಿಸಲು ಬಂದಾಗ ಮುಖ ತಿರುಗಿಸುವ ವರ್ತಕರೂ ಇದ್ದಾರೆ. ಇವೆರಡೂ ಸತ್ಯಶುದ್ಧ ಕಾಯಕಕ್ಕೆ ದೂರವಾದ ನಡತೆಗಳೇ. ದಿನದ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ತಂದ ಪತಿ ಮಾರಯ್ಯನವರಿಗೆ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನಾವೆಲ್ಲರೂ ಪುರಾಣ-ಪ್ರವಚನಗಳಲ್ಲಿ ಕೇಳಿದ್ದೇವೆ. ಬೇಡವಾದುದನ್ನು ಮನೆಗೆ ತಾರದಿರುವ ಆ ವಿವೇಕ ನಮ್ಮ ಮಾತೆಯರಲ್ಲಿ ನೆಲೆಸಿದರೆ, ಮರಳಿಸುವ ಪ್ರಸಂಗಗಳಲ್ಲಿ ಅರ್ಧದಷ್ಟು ತಾವಾಗಿಯೇ ಇಲ್ಲವಾಗುವುವು.

ಅಂಗಡಿ ನಡೆಸುವ ಸಮಾಜಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಮರಳಿಸುವ ಅವಧಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದು ಗಲ್ಲೆಯ ಬಳಿ ತೂಗುಹಾಕಿರಿ. ಕೊಳ್ಳುವ ಬಂಧುಗಳಲ್ಲಿ ವಿನಂತಿ: ಹಣ ಎಣಿಸುವ ಮುನ್ನ ಅದನ್ನು ಓದಿರಿ, ರಸೀದಿಯನ್ನು ಕೇಳಿ ಪಡೆಯಿರಿ, ಜೋಪಾನವಾಗಿಡಿರಿ.