ಸಿಂಪ್ಯೂಟರ್ ಮರಳಿ ಬರಬೇಕೆ?

ಕಡೂರು, ಅಜ್ಜಂಪುರಗಳು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿವೆ. ತರೀಕೆರೆ ಬೀರೂರು–ಶಿವಮೊಗ್ಗ ಶಾಖೆಯಲ್ಲಿದೆ. ಈ ಮಾರ್ಗಗಳು ಮೊದಲು ಮೀಟರ್ ಗೇಜಿನವು. ಎಂದರೆ ಎರಡು ಕಂಬಿಗಳ ನಡುವಣ ಅಂತರ 1000 ಮಿಲಿಮೀಟರ್. 1990ರ ದಶಕದಲ್ಲಿ ಇವು 1676 ಮಿಲಿಮೀಟರ್ ಅಂತರದ ಬ್ರಾಡ್ ಗೇಜಿಗೆ ಬದಲಾದುವು. ಹಳೆಯ ಎಂಜಿನ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಇಂದಿನ ಹಳಿಯ ಮೇಲೆ ಓಡಲಾರದು. ನಿಂತುಹೋದ ಗಣಕವೊಂದನ್ನು ಮತ್ತೆ ತಯಾರಿಸಬೇಕೆ ಎಂಬ ಪ್ರಶ್ನೆ ಬಂದಾಗ ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಅಂಥ ಗಣಕ ನಮ್ಮ ನಾಡಿನಲ್ಲಿಯೇ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್ ಮೊದಲಾದ ವಿದ್ವಾಂಸರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕಿಗೆ ಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರ ಕನ್ನಡದ ಬರೆಹವನ್ನು ಓದಿ ಹೇಳಬಲ್ಲುದಾಗಿತ್ತು. ಊರಿಗೊಂದು ಯಂತ್ರವಿದ್ದರೂ ಸಾಕು. ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡನ್ನು ತೂರಿಸಿ ತಮ್ಮ ಲೆಕ್ಕವನ್ನು ನೋಡಿಕೊಳ್ಳಬಹುದು ಎಂಬುದು ಅದರ ಉದ್ದೇಶ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕೈಫೋನುಗಳು ಹಬ್ಬಿದಂತೆ ಅದು ಮರೆಯಾಯಿತು.

ಅದನ್ನು ಮತ್ತೆ ತಯಾರಿಸಲು ಅಡ್ಡಿಯೇನು? ಗಣಕದ ಹೃದಯದಂತಿರುವ ಸಂಸ್ಕಾರಕವು ಗೊತ್ತಾದ ಕೆಲವು ಆದೇಶಗಳನ್ನು ಮಾತ್ರ ಅರಿಯುತ್ತದೆ. ಈ ಆದೇಶಗಳ ಗಣವೇ ಹಳಿ. ಅದಕ್ಕೆ ಹೊಂದುವಂತೆ ಬರೆದ ತಂತ್ರಾಂಶವೇ ಎಂಜಿನ್. ಹಳಿ ಬದಲಾದರೆ ತಂತ್ರಾಂಶವನ್ನೂ ಅದಕ್ಕೆ ಹೊಂದಿಸಬೇಕು. ಸಿಂಪ್ಯೂಟರಿನಲ್ಲಿದ್ದ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ತಯಾರಿಕೆ ಎಂದೋ ನಿಂತಿದೆ. ಅದನ್ನೇ ಮತ್ತೆ ಮಾಡಿಸಿದರೆ, ಇಂದಿನ ಅಗ್ಗದ ಫೋನಿಗಿಂತಲೂ ನಿಧಾನವಾದ ಯಂತ್ರಕ್ಕೆ ಹೆಚ್ಚು ಹಣ ತೆತ್ತಂತಾಗುವುದು.

ಆದರೆ ಯಂತ್ರ ಅಳಿದರೂ ಅದರ ವಂಶ ಉಳಿಯುವುದುಂಟು. 1981ರಲ್ಲಿ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ ತಯಾರಿಸಿದ ಬಿ.ಬಿ.ಸಿ. ಮೈಕ್ರೋ ಎಂಬ ಗೃಹಗಣಕ, 1984ರ ಬಳಿಕ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಅದು ಇಂದು ತಯಾರಾಗುತ್ತಿಲ್ಲ. ಆದರೆ ಅದೇ ಸಂಸ್ಥೆ 1985ರಲ್ಲಿ ರಚಿಸಿದ ಆರ್ಮ್ ಸಂಸ್ಕಾರಕದ ಕುಲದ್ದೇ ಸ್ಟ್ರಾಂಗ್‌ಆರ್ಮ್. ಇಂದಿನ ಬಹುತೇಕ ಫೋನುಗಳಲ್ಲಿರುವುದೂ ಆ ಕುಲದ್ದೇ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ ಬಿ.ಬಿ.ಸಿ. ಮೈಕ್ರೋವನ್ನು ನಕಲು ಮಾಡಲಿಲ್ಲ. ವಿದ್ಯಾರ್ಥಿ ತಾನೇ ಆದೇಶ ಬರೆದು ಕಲಿಯಬೇಕೆಂಬ ಅದರ ಧ್ಯೇಯವನ್ನು ಹೊಸ ಸಂಸ್ಕಾರಕದೊಡನೆ ಮುಂದುವರಿಸಿತು.

ಸಿಂಪ್ಯೂಟರಿನ ಧ್ಯೇಯವೇನು? ಅಗ್ಗದ ಬೆಲೆ, ಮುಟ್ಟಿ ನಡೆಸುವ ಪರದೆ, ಕನ್ನಡದ ಮಾತು—ಇವೆಲ್ಲ ಇಂದು ಫೋನಿನಲ್ಲಿ ದೊರೆತಿವೆ. ದೊರೆಯದಿರುವುದು ಒಂದೇ: ಬಿಚ್ಚಿಟ್ಟ ವಿನ್ಯಾಸ. ಸಿಂಪ್ಯೂಟರಿನ ಒಳರಚನೆಯನ್ನು ಯಾರು ಬೇಕಾದರೂ ನೋಡಬಹುದಿತ್ತು, ತಿದ್ದಬಹುದಿತ್ತು. ತಿದ್ದಿದ್ದನ್ನು ಕೆಲಕಾಲದ ಬಳಿಕ ಎಲ್ಲರಿಗೂ ತಿಳಿಸಬೇಕೆಂಬುದು ನಿಯಮ. ಅದಕ್ಕಾಗಿ ರಚಿತವಾದ 'ಧ್ವನಿ' ಎಂಬ ಓದುವ ತಂತ್ರಾಂಶ ಹೀಗೆ ಮುಕ್ತವಾಗಿದ್ದುದರಿಂದಲೇ ಯಂತ್ರ ಮರೆಯಾದ ಮೇಲೂ ಬೇರೆ ಭಾಷೆಗಳಿಗೆ ವಿಸ್ತರಿಸಿತು. ನಮ್ಮ ಜೇಬಿನ ಫೋನಾದರೋ ಅಂಟುಹಾಕಿ ಮುಚ್ಚಿದ ಪೆಟ್ಟಿಗೆ. ಅದನ್ನು ಬಳಸುವುದನ್ನು ನಾವು ಕಲಿತಿದ್ದೇವೆ. ಅದು ಕೆಲಸಮಾಡುವ ಬಗೆಯನ್ನು ಕಲಿಯುವ ದಾರಿ ಮುಚ್ಚಿದೆ.

ಆದುದರಿಂದ ಹಳೆಯ ಪೆಟ್ಟಿಗೆ ಮರಳಿ ಬರಬೇಕಾಗಿಲ್ಲ; ತೆರೆದ ವಿನ್ಯಾಸ ಬರಬೇಕು. ಅದಕ್ಕೆ ಹಳಿಯೂ ಸಿದ್ಧವಾಗುತ್ತಿದೆ. ರಿಸ್ಕ್-ಫೈವ್ ಎಂಬ ಆದೇಶಗಣ ಎಲ್ಲರಿಗೂ ಮುಕ್ತವಾಗಿದ್ದು, ಅದರ ಆಧಾರದ ಮೇಲೆ ಮದ್ರಾಸಿನ ಐ.ಐ.ಟಿ. 'ಶಕ್ತಿ' ಸಂಸ್ಕಾರಕಗಳನ್ನು ರೂಪಿಸಿದೆ. ಗೇಜು ಬದಲಾದರೂ ರೈಲು ಇಂದಿಗೂ ಕಡೂರಿಗೆ, ತರೀಕೆರೆಗೆ, ಅಜ್ಜಂಪುರಕ್ಕೆ ಬರುತ್ತಿದೆಯಲ್ಲವೆ? ಉಳಿಸಿಕೊಳ್ಳಬೇಕಾದುದು ಮಾರ್ಗವನ್ನು, ಹಳೆಯ ಕಂಬಿಗಳನ್ನಲ್ಲ.