ಕಥಕನ ಸುಳ್ಳು, ಕೇಳುಗನ ನಂಬಿಕೆ: 'ದ ಯೂಷುವಲ್ ಸಸ್ಪೆಕ್ಟ್ಸ್' ಚಿತ್ರದ ಅಂತ್ಯವನ್ನು ಕುರಿತು

ಬ್ರಯನ್ ಸಿಂಗರ್ ನಿರ್ದೇಶಿಸಿದ 'ದ ಯೂಷುವಲ್ ಸಸ್ಪೆಕ್ಟ್ಸ್' (1995) ಅಮೆರಿಕದ ಅಪರಾಧ ಚಿತ್ರಗಳಲ್ಲಿ ತನ್ನ ಅಂತ್ಯಕ್ಕಾಗಿಯೇ ಹೆಸರಾದುದು. ಕ್ರಿಸ್ಟೋಫರ್ ಮೆಕ್ವಾರಿಯ ಚಿತ್ರಕಥೆಗೆ 1996ರಲ್ಲಿ ಆಸ್ಕರ್ ಪ್ರಶಸ್ತಿ ಸಂದಿತು. ಆ ಅಂತ್ಯವನ್ನು ಬಿಚ್ಚಿಡದೆ ವಿವೇಚನೆ ಸಾಧ್ಯವಿಲ್ಲ. ಚಿತ್ರವನ್ನು ನೋಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸುವುದು ಲೇಸು.

ಕ್ಯಾಲಿಫೋರ್ನಿಯಾದ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗೊಂದು ಉರಿದು 27 ಮಂದಿ ಸತ್ತಿದ್ದಾರೆ. ಬದುಕುಳಿದವರಲ್ಲಿ ಒಬ್ಬ ಕೈಕಾಲು ಊನವಾದ ಸಣ್ಣ ವಂಚಕ, 'ವರ್ಬಲ್' ಕಿಂಟ್. ಮಾತಿನಮಲ್ಲನೆಂಬುದೇ ಆ ಅಡ್ಡಹೆಸರಿನ ಧ್ವನಿ. ಸುಂಕದ ಅಧಿಕಾರಿ ಕುಯಾನ್ ಮತ್ತೊಬ್ಬ ಅಧಿಕಾರಿಯ ಕೊಠಡಿಯಲ್ಲಿ ಅವನನ್ನು ವಿಚಾರಿಸುತ್ತಾನೆ. ಐವರು ಆಪಾದಿತರು ಒಂದುಗೂಡಿದ್ದು, ಕೈಸರ್ ಸೋಜೆ ಎಂಬ ಅಗೋಚರ ಪಾತಕಿಯ ಬಲೆಗೆ ಬಿದ್ದದ್ದು, ಎಲ್ಲವೂ ಕಿಂಟನ ಬಾಯಿಂದಲೇ ಹೊರಡುತ್ತದೆ. ಅವನು ಹೊರನಡೆದ ಮೇಲೆ ಕುಯಾನನ ದೃಷ್ಟಿ ಗೋಡೆಯ ಸೂಚನಾಫಲಕದ ಮೇಲೆ ಬೀಳುತ್ತದೆ. ಕಥೆಯ ಹಲವು ಹೆಸರುಗಳು ಅಲ್ಲಿನ ಕಾಗದಗಳಲ್ಲಿವೆ. 'ಕೊಬಯಾಶಿ' ಎಂಬುದು ಕಾಫಿ ಬಟ್ಟಲಿನ ತಳದ ಮುದ್ರೆ! ಸೋಜೆ ಎದುರಿನಲ್ಲೇ ಕುಳಿತಿದ್ದ.

ಇದನ್ನು ಕೇವಲ ಕಣ್ಕಟ್ಟು ಎಂದು ತಳ್ಳಿಹಾಕುವವರುಂಟು. ವಿಮರ್ಶಕ ರೋಜರ್ ಈಬರ್ಟ್ ಚಿತ್ರವನ್ನು ಮೆಚ್ಚಲಿಲ್ಲ. ಕಂಡದ್ದೆಲ್ಲ ಸುಳ್ಳಾದರೆ ನೋಡುಗನಿಗೆ ಉಳಿಯುವುದೇನು ಎಂಬ ಆಕ್ಷೇಪ ಹಗುರವಾದುದಲ್ಲ. ಹಿಚ್‌ಕಾಕ್ 'ಸ್ಟೇಜ್ ಫ್ರೈಟ್'ನಲ್ಲಿ (1950) ಪಾತ್ರವೊಂದರ ಸುಳ್ಳನ್ನು ದೃಶ್ಯವಾಗಿ ತೋರಿಸಿ, ಅನಂತರ ಅದು ತಪ್ಪಾಯಿತೆಂದು ಒಪ್ಪಿಕೊಂಡಿದ್ದರು. ಮಾತನ್ನು ಶಂಕಿಸುವ ಪ್ರೇಕ್ಷಕ ದೃಶ್ಯವನ್ನು ಶಂಕಿಸುವುದಿಲ್ಲ.

ಆದರೆ ಸಿಂಗರ್ ಚಿತ್ರದಲ್ಲಿ ಎಲ್ಲವೂ ಸುಳ್ಳಲ್ಲ. ಶವಗಳು, ಆಸ್ಪತ್ರೆ, ವಿಚಾರಣೆಯ ಕೊಠಡಿ ಇವು ಕಿಂಟನ ನಿರೂಪಣೆಗೆ ಹೊರಗಿನವು. ಅದಕ್ಕಿಂತ ಮುಖ್ಯವಾದುದು ಕೇಳುಗನ ಸ್ಥಿತಿ. ಕೀಟನ್ ಎಂಬ ಮಾಜಿ ಪೊಲೀಸನೇ ಮೂಲ ಅಪರಾಧಿ ಎಂಬ ತೀರ್ಮಾನವನ್ನು ಹೊತ್ತೇ ಕುಯಾನ್ ಕೊಠಡಿಯನ್ನು ಪ್ರವೇಶಿಸುತ್ತಾನೆ. ಕಿಂಟ್ ಕೀಟನನ ಪರವಾಗಿ ವಾದಿಸಿದಷ್ಟೂ ಅಧಿಕಾರಿಯ ಸಂಶಯ ಬಲಿಯುತ್ತದೆ. ಕೊನೆಗೆ ಕೀಟನನೇ ಸೋಜೆ ಎಂದು ಘೋಷಿಸುವವನು ಕುಯಾನ್. ಕಿಂಟ್ ಅತ್ತು ಸುಮ್ಮನಾಗುತ್ತಾನೆ. ಕಥೆಯ ಅತಿ ದೊಡ್ಡ ಸುಳ್ಳನ್ನು ರಚಿಸಿದವನು ಕೇಳುಗನೇ.

ಹಳಗನ್ನಡದ ವಿದ್ಯಾರ್ಥಿಗೆ ಇಲ್ಲಿ ಜನ್ನನ 'ಯಶೋಧರ ಚರಿತೆ' ನೆನಪಾಗದೆ ಇರದು. ಅಲ್ಲಿಯೂ ಸೆರೆಸಿಕ್ಕವನೇ ಕಥಕ, ಅವನ ಪ್ರಾಣ ಕೇಳುಗನ ಕೈಯಲ್ಲಿದೆ. ಬಲಿಗೆಂದು ತಂದ ಅಭಯರುಚಿ ತನ್ನ ಜನ್ಮಾಂತರಗಳನ್ನು ನಿರೂಪಿಸಿದಾಗ ಮಾರಿದತ್ತ ಹಿಂಸೆಯನ್ನೇ ತೊರೆಯುತ್ತಾನೆ. ಕಥೆ ಕೇಳಿ ದೊರೆ ಬದಲಾದ. ಕುಯಾನ್ ಬದಲಾಗಲೊಲ್ಲ, ತನಗೆ ಬೇಕಾದುದನ್ನಷ್ಟೇ ಆಯ್ದುಕೊಳ್ಳುತ್ತಾನೆ. ಎರಡು ಕೃತಿಗಳ ಉದ್ದೇಶಗಳು ತೀರ ಬೇರೆ, ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ.

ಎರಡನೆಯ ಬಾರಿ ನೋಡುವಾಗ ಆರಂಭದ ದೃಶ್ಯವನ್ನು ಗಮನಿಸಬೇಕು. ಹಡಗಿನ ಮೇಲೆ ಕೀಟನ್ ಹತನಾದ ಬಳಿಕ ಕ್ಯಾಮರಾ ಹಗ್ಗದ ರಾಶಿಯೊಂದರತ್ತ ಮೆಲ್ಲನೆ ಸರಿಯುತ್ತದೆ. ಕಿಂಟ್ ತಾನು ಅಲ್ಲಿ ಅಡಗಿದ್ದೆನೆಂದು ಮುಂದೆ ಹೇಳುತ್ತಾನೆ, ನಾವೂ ನಂಬುತ್ತೇವೆ. ಹಗ್ಗದ ಹಿಂದೆ ಆಗ ಯಾರನ್ನೂ ತೋರಿಸಿರಲಿಲ್ಲ.